ಗಂಡು ಕುದುರೆನಾ, ಹೆಣ್ಣು ಕುದುರೆನಾ?

ನಾನು ಕುದುರೆ ಸವಾರಿ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಬಿದ್ದಿದ್ದೀರಾ?" ಬಿದ್ದಿದ್ದೇನೆ, ನಾಲ್ಕು ಸಲ. ಎರಡನೆಯದು, "ಗಂಡು ಕುದುರೆ ಒಳ್ಳೆಯದೋ, ಹೆಣ್ಣೋ?" ಇದಕ್ಕೆ ಉತ್ತರ ಸ್ವಲ್ಪ ಉದ್ದ.

ಮೊದಲಿಗೆ, ಪ್ರಶ್ನೆಯಲ್ಲೇ ಒಂದು ಬಿಟ್ಟುಹೋಗಿದೆ. ಹೋರಿ ಬೇರೆ, ಎತ್ತು ಬೇರೆ, ಹಸು ಬೇರೆ ಅಲ್ವಾ? ಕುದುರೆಯಲ್ಲೂ ಹಾಗೇ. ಬೀಜದ ಗಂಡು ಸ್ಟಾಲಿಯನ್, ಹೆಣ್ಣು ಮೇರ್, ಬೀಜ ತೆಗೆಸಿದ ಗಂಡು ಗೆಲ್ಡಿಂಗ್. ಸವಾರಿ ಶಾಲೆಯಲ್ಲಿ ನಿಮ್ಮನ್ನು ಹತ್ತಿಸುವ "ಗಂಡು ಕುದುರೆ" ಸಾಮಾನ್ಯವಾಗಿ ಗೆಲ್ಡಿಂಗ್. ಕುದುರೆಗಳಲ್ಲಿ ಎತ್ತು ಅನ್ನಿ.

ಹೊಸದಾಗಿ ಕಲಿಯುವವರಿಗೆ ನಾನು ಗೆಲ್ಡಿಂಗ್ ಅನ್ನೇ ಹೇಳುತ್ತೇನೆ. ನಿನ್ನೆ ಹೇಗಿತ್ತೋ ಇವತ್ತೂ ಬಹುಮಟ್ಟಿಗೆ ಹಾಗೇ ಇರುತ್ತದೆ. ಪಕ್ಕದಲ್ಲಿ ಬೇರೆ ಕುದುರೆ ಕಟ್ಟಿದರೂ ತಕರಾರಿಲ್ಲ. ಆದರೆ ಬೀಜ ತೆಗೆಸಿದ ಮಾತ್ರಕ್ಕೆ ಹಸುವಿನಂತೆ ಸಾಧು ಆಗುತ್ತದೆ ಅಂದುಕೊಳ್ಳಬೇಡಿ. ವಯಸ್ಸಾದ ಮೇಲೆ ತೆಗೆಸಿದರೆ ಹಳೇ ಚಾಳಿ ಕೆಲವಕ್ಕೆ ಉಳಿದುಬಿಡುತ್ತದೆ. ಅಮೆರಿಕದ ಜಾನ್ ಹೆನ್ರಿ ಅನ್ನುವ ರೇಸ್ ಕುದುರೆಗೆ ಅದರ ಸಿಟ್ಟಿನ ಕಾರಣಕ್ಕೇ ಬೀಜ ತೆಗೆಸಿದರು. ಸಿಟ್ಟು ಇಳಿಯಲೇ ಇಲ್ಲ! ಆದರೂ 1981ರಲ್ಲಿ ಅದು ಅಲ್ಲಿನ ವರ್ಷದ ಕುದುರೆ ಆಯಿತು. 1984ರಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ಮತ್ತೆ ಆಯಿತು. ಬೀಜದ ಕುದುರೆಯಾಗಿದ್ದರೆ ಅಷ್ಟು ಹೊತ್ತಿಗೆ ಮರಿ ಹುಟ್ಟಿಸಲು ಕಳಿಸಿಬಿಡುತ್ತಿದ್ದರು. ಗೆಲ್ಡಿಂಗ್‌ಗೆ ಆ ದಾರಿ ಇಲ್ಲ, ಓಡುವಷ್ಟು ದಿನ ಓಡುತ್ತದೆ.

ಇನ್ನು ಹೆಣ್ಣು. "ಮೂಡಿ" ಅನ್ನುವ ಹೆಸರು ಅದಕ್ಕೆ ಅಂಟಿಬಿಟ್ಟಿದೆ. ವರ್ಷದಲ್ಲಿ ಬೆದೆ ಬರುವ ತಿಂಗಳುಗಳಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಐದಾರು ದಿನ ಇರುತ್ತದೆ. ಆಗ ಕೆಲವು ಕಿರುಚುತ್ತವೆ, ಬಾಲ ಎತ್ತುತ್ತವೆ, ಗಮನವೆಲ್ಲ ಪಕ್ಕದ ಲಾಯದ ಕಡೆ. ಇನ್ನು ಕೆಲವಕ್ಕೆ ಬೆದೆ ಬಂದದ್ದೇ ಸವಾರನಿಗೆ ಗೊತ್ತಾಗುವುದಿಲ್ಲ.

ನಾನು ಹತ್ತುತ್ತಿದ್ದ ಕಂದು ಬಣ್ಣದ ಮೇರ್ ಒಂದು ತಿಂಗಳು ನನ್ನನ್ನು ಆಟ ಆಡಿಸಿತು. ಜೀನು ಹಾಕಿ ಹೊಟ್ಟೆಪಟ್ಟಿಗೆ ಕೈ ಹಾಕಿದರೆ ಕಿವಿ ಹಿಂದಕ್ಕೆ ಮಲಗುತ್ತಿತ್ತು. ಒಂದು ದಿನ ತಲೆ ತಿರುಗಿಸಿ ನನ್ನ ಅಂಗಿಯ ತೋಳು ಹಿಡಿದೇಬಿಟ್ಟಿತು. ಬಟನ್ ಹಾರಿ ಬೂಸಾ ಬುಟ್ಟಿಗೆ ಬಿತ್ತು. "ಹೆಣ್ಣಲ್ವಾ, ಬೆದೆಗೆ ಬಂದಿರಬೇಕು" ಅಂದೆ. ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣ ಮಾತಾಡಲಿಲ್ಲ. ಜೀನು ಇಳಿಸಿ, ಹೆಗಲ ಹಿಂದೆ ಬೆರಳಿಂದ ಒತ್ತಿದ. ಮೇರ್ ಬೆನ್ನು ಕುಗ್ಗಿಸಿತು. "ಜೀನು ಚುಚ್ತಾ ಇದೆ ಸಾರ್. ಬೆದೆ ಏನು ತಿಂಗಳೆಲ್ಲಾ ಇರುತ್ತಾ?"

ಅವತ್ತಿನಿಂದ ನಾನು "ಹೆಣ್ಣು ಕುದುರೆ, ಹಾಗೇ" ಅನ್ನುವುದನ್ನು ಬಿಟ್ಟಿದ್ದೇನೆ. ಜೀನು, ಹಲ್ಲು, ಹೊಟ್ಟೆಯ ಹುಣ್ಣು, ಇಷ್ಟನ್ನು ನೋಡಿದ ಮೇಲೆ ಬೆದೆಯ ಮಾತು. ಹೆಣ್ಣಿಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಅನ್ನುವವರಿಗೆ ಆಸ್ಟ್ರೇಲಿಯಾದ ವಿಂಕ್ಸ್ ಹೆಸರು ಹೇಳಿ. ಸತತ 33 ರೇಸ್ ಗೆದ್ದು 2019ರಲ್ಲಿ ನಿವೃತ್ತಿ ಆದದ್ದು ಹೆಣ್ಣು ಕುದುರೆಯೇ.

ಸ್ಟಾಲಿಯನ್ ನೋಡಲು ಚೆಂದ. ದಪ್ಪ ಕತ್ತು, ಎದೆ ಉಬ್ಬಿಸಿದ ನಡಿಗೆ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಕುಣಿಯುವ ಲಿಪಿಜಾನರ್ ತಳಿಯ ಬಿಳಿ ಕುದುರೆಗಳು ಸ್ಟಾಲಿಯನ್‌ಗಳೇ. ಆದರೆ ಅವುಗಳ ಹಿಂದೆ ವರ್ಷಗಟ್ಟಲೆ ತರಬೇತಿ ಇದೆ. ನಮ್ಮಂಥವರ ಕೈಗೆ ಸಿಕ್ಕರೆ, ಗಾಳಿಯಲ್ಲಿ ಹೆಣ್ಣಿನ ವಾಸನೆ ಬಂದರೆ ಸಾಕು, ಮೇಲ್ತುಟಿ ಮಡಚಿ ನಿಂತುಬಿಡುತ್ತದೆ. ಲಗಾಮು ಹಿಡಿದವನ ನೆನಪೇ ಇರುವುದಿಲ್ಲ.

ಅದರ ನಿಜವಾದ ಕೆಲಸ ಇರುವುದು ನಮ್ಮ ಕುಣಿಗಲ್‌ನಂಥ, ಮರಿ ಹುಟ್ಟಿಸುವ ಸ್ಟಡ್ ಫಾರ್ಮ್‌ಗಳಲ್ಲಿ. ಥರೋಬ್ರೆಡ್ ಅನ್ನುವ ರೇಸ್ ತಳಿಯ ಕುದುರೆಗೆ ಕೃತಕ ಗರ್ಭಧಾರಣೆ ನಡೆಯುವುದಿಲ್ಲ, ಆ ಮರಿ ನೋಂದಣಿಯೇ ಆಗುವುದಿಲ್ಲ. ಗಂಡು ಹೆಣ್ಣನ್ನು ನೇರವಾಗಿಯೇ ಕೂಡಿಸಬೇಕು. ಹೀಗಾಗಿ ಸ್ಟಡ್ ಫಾರ್ಮ್‌ಗಳಲ್ಲಿ ಟೀಸರ್ ಅಂತ ಇನ್ನೊಂದು ಗಂಡು ಇರುತ್ತದೆ. ಹೆಣ್ಣು ಬೆದೆಗೆ ಬಂದಿದೆಯಾ ಅಂತ ನೋಡಲು ಮೊದಲು ಇದನ್ನು ಹತ್ತಿರ ತರುತ್ತಾರೆ. ಒದೆ ತಿನ್ನುವುದೂ ಇದೇ. ಹೆಣ್ಣು ಒಪ್ಪಿತು ಅನ್ನುವಾಗ ಇದನ್ನು ಹೊರಗೆ ಕರೆದೊಯ್ದು ಬೆಲೆಬಾಳುವ ಸ್ಟಾಲಿಯನ್ ತರುತ್ತಾರೆ. ಪಾಪ!

ನಾನು ಈಗಲೂ ಹತ್ತುವುದು ಅದೇ ಕಂದು ಮೇರ್. ಜೀನು ಬದಲಾಗಿದೆ. ಆದರೂ ಪಟ್ಟಿಗೆ ಕೈ ಹಾಕಿದರೆ ಒಂದು ಕಿವಿ ಹಿಂದಕ್ಕೆ ಹೋಗುತ್ತದೆ. ಒಂದು ತೂತು ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಇನ್ನೊಂದು ತೂತು ಬಿಗಿಯುತ್ತೇನೆ.