ಅಲ್ಬಿ: ಇದು ಚರ್ಚೋ, ಕೋಟೆಯೋ?

ಫ್ರಾನ್ಸಿನಲ್ಲಿ ಓದುತ್ತಿದ್ದೇನೆ ಅಂದರೆ ಸಾಕು, ಊರಿನಲ್ಲಿ ಎಲ್ಲರೂ ಐಫೆಲ್ ಟವರ್ ಮುಂದೆ ನಿಂತ ಫೋಟೊ ಕೇಳುತ್ತಾರೆ. ನಾನಿರುವ ಅಲ್ಬಿಗೂ ಪ್ಯಾರಿಸ್‌ಗೂ ಬಹಳ ದೂರ. ದಕ್ಷಿಣದ ತೂಲೂಸ್‌ಗೆ ಬಂದು, ಅಲ್ಲಿಂದ ಮತ್ತೆ ಸುಮಾರು ಒಂದು ಗಂಟೆ ರೈಲಿನಲ್ಲಿ ಕೂರಬೇಕು. ಜನಸಂಖ್ಯೆ ಸುಮಾರು 50,000. ಆದರೂ ಇದು ಜಿಲ್ಲಾ ಕೇಂದ್ರ.

ಮೊದಲು ಕಣ್ಣಿಗೆ ಬಿದ್ದಿದ್ದು ಇಟ್ಟಿಗೆ. ಮನೆ, ಅರಮನೆ, ಚರ್ಚು, ಎಲ್ಲಾ ಕೆಂಪು ಇಟ್ಟಿಗೆ. ಕೆಳಗೆ ತಾರ್ನ್ ನದಿ. ಹಳೇ ಸೇತುವೆ ಮೇಲೆ ಸಂಜೆ ನಿಂತರೆ ಇಡೀ ಊರು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಚೆಂದ ನಿಜ, ಆದರೆ ಪೋಸ್ಟ್‌ಕಾರ್ಡಿನ ಮುದ್ದು ಮುದ್ದಾದ ಚೆಂದ ಅಲ್ಲ. ಈ ಊರು ಸ್ವಲ್ಪ ಹೆದರಿಸುತ್ತದೆ.

ಅದಕ್ಕೆ ಕಾರಣ ಸಾಂತ್ ಸೆಸಿಲ್ ಕೆಥೆಡ್ರಲ್. 113 ಮೀಟರ್ ಉದ್ದ, ಗೋಪುರ 78 ಮೀಟರ್ ಎತ್ತರ, ಕಿಟಕಿಗಳು ಮಾತ್ರ ಸೀಳು ಬಿಟ್ಟ ಹಾಗೆ ಸಣ್ಣ. 13ನೇ ಶತಮಾನದ ಶುರುವಿನಲ್ಲಿ ಈ ಭಾಗದಲ್ಲಿ ಕ್ಯಾಥೊಲಿಕ್ ಚರ್ಚನ್ನು ಒಪ್ಪದ, ಕ್ಯಾಥರ್ ಅನ್ನುವ ಬೇರೆ ಪಂಥದವರಿದ್ದರು. ಅವರನ್ನು ಅಡಗಿಸೋಕೆ ಪೋಪ್ ಯುದ್ಧವನ್ನೇ ಸಾರಿದರು, ಆ ಯುದ್ಧಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಅದೆಲ್ಲ ಮುಗಿದ ಮೇಲೆ, 1282ರಲ್ಲಿ, ಬಿಷಪ್ ಇದನ್ನು ಕಟ್ಟಿಸಲು ಶುರು ಮಾಡಿದ್ದು. ಇನ್ನು ಮುಂದೆ ಊರಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದನ್ನು ಗೋಡೆಯೇ ಹೇಳಿಬಿಡುತ್ತದೆ, ಅಲ್ವಾ?

ಒಳಗೆ ಹೋದರೆ ಬೇರೆಯೇ ಲೋಕ. ಚಾವಣಿ ಪೂರ್ತಿ ನೀಲಿ, ಚಿನ್ನದ ಬಣ್ಣ. 1509ರಿಂದ 1512ರವರೆಗೆ ಇಟಲಿಯ ಕಲಾವಿದರು ಬರೆದದ್ದು. ಅದಕ್ಕಿಂತ ಹಳೆಯದು ಆರ್ಗನ್ ವಾದ್ಯದ ಕೆಳಗಿನ ಗೋಡೆಯ ಮೇಲಿರುವ 'ಕೊನೆಯ ತೀರ್ಪು' ಚಿತ್ರ. ಕೆಳಸಾಲಿನಲ್ಲಿ ನರಕ. ಅಹಂಕಾರಿಗಳನ್ನು ಚಕ್ರಕ್ಕೆ ಕಟ್ಟಿದ್ದಾರೆ, ಜಿಪುಣರನ್ನು ಹಂಡೆಯಲ್ಲಿ ಕುದಿಸುತ್ತಿದ್ದಾರೆ, ಹೊಟ್ಟೆಬಾಕರ ಬಾಯಿಗೆ ತಿನ್ನಬಾರದ್ದನ್ನು ತುರುಕುತ್ತಿದ್ದಾರೆ. ಕ್ರೈಸ್ತರು ಹೇಳುವ ಏಳು ದೊಡ್ಡ ಪಾಪಗಳಲ್ಲಿ ಒಂದು ಮಾತ್ರ ಕಾಣುವುದಿಲ್ಲ: ಸೋಮಾರಿತನ. 17ನೇ ಶತಮಾನದ ಕೊನೆಯಲ್ಲಿ ಗೋಡೆಯ ಹಿಂದಿರುವ ಚಾಪೆಲ್‌ಗೆ (ಸಣ್ಣ ಪ್ರಾರ್ಥನಾ ಕೋಣೆಗೆ) ದಾರಿ ಬೇಕು ಅಂತ ಗೋಡೆಯ ನಡುಭಾಗವನ್ನೇ ಒಡೆದು ಹಾಕಿದರಂತೆ. ನಡುವೆ ಕೂತು ತೀರ್ಪು ಕೊಡಬೇಕಿದ್ದ ಕ್ರಿಸ್ತನೂ ಅದರ ಜೊತೆಗೇ ಹೋದ. ಅಸೈನ್‌ಮೆಂಟ್ ಮುಂದೂಡುವ ನನ್ನಂಥವರಿಗೆ ನೆಮ್ಮದಿಯ ವಿಷಯ.

ಪಕ್ಕದ ಬಿಷಪ್ ಅರಮನೆಯಲ್ಲಿ ಈಗ ಚಿತ್ರಕಾರ ತೂಲೂಸ್-ಲೋತ್ರೆಕ್‌ನ ಮ್ಯೂಸಿಯಂ. ಅವನು 1864ರಲ್ಲಿ ಇದೇ ಊರಿನಲ್ಲಿ ಹುಟ್ಟಿದವನು. ಪ್ಯಾರಿಸ್‌ನ ಕುಣಿತದ ಹುಡುಗಿಯರು, ವೇಶ್ಯಾಗೃಹದ ಹೆಂಗಸರು, ಕುಡುಕರು, ಎಲ್ಲರೂ ಬಿಷಪ್‌ಗಳ ಕೋಣೆಗಳಲ್ಲಿ ಆರಾಮಾಗಿ ನೇತಾಡುತ್ತಿದ್ದಾರೆ. ನನಗೆ ಇದು ಬಹಳ ಇಷ್ಟವಾಯಿತು.

ಒಂದು ಕಾಲದಲ್ಲಿ ಇಲ್ಲಿ ದುಡ್ಡು ಹರಿದಿದ್ದು ನೀಲಿ ಬಣ್ಣದಿಂದ. ಒಂದು ಗಿಡದ ಎಲೆ ಅರೆದು, ಉಂಡೆ ಕಟ್ಟಿ, ಒಣಗಿಸಿ, ಬಟ್ಟೆಗೆ ಹಾಕುವ ಬಣ್ಣ ತೆಗೆಯುತ್ತಿದ್ದರು. ವ್ಯಾಪಾರಿಗಳ ದೊಡ್ಡ ದೊಡ್ಡ ಮನೆಗಳು ಇನ್ನೂ ನಿಂತಿವೆ. ಆಮೇಲೆ ಇಂಡಿಯಾದಿಂದ ಇಂಡಿಗೋ ಬಂತು, ಈ ವ್ಯಾಪಾರ ಮಲಗಿತು. ಇದನ್ನು ಓದಿದ ಮೇಲೆ ಬಣ್ಣದ ಅಂಗಡಿ ಮುಂದೆ ಹಾದು ಹೋಗುವಾಗ ಸುಮ್ನೆ ಒಂಥರಾ ಸಂಕೋಚ.

ದಿನದ ಬದುಕಿಗೆ ಬಂದರೆ, ಊಟದ ಹೊತ್ತಿಗೆ ಅಂಗಡಿಗಳ ಬಾಗಿಲು ಹಾಕುತ್ತಾರೆ. ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ಬೆಕ್ಕು ಬಿಟ್ಟರೆ ಯಾರೂ ಇರುವುದಿಲ್ಲ. ಬೇಕರಿಗೆ ಕಾಲಿಟ್ಟ ತಕ್ಷಣ 'ಬೋಂಜೂರ್' ಅನ್ನಲೇಬೇಕು. ಅದನ್ನು ಬಿಟ್ಟು ನೇರವಾಗಿ ಬ್ರೆಡ್ ಕೇಳಿದರೆ ಅಜ್ಜಿ ಮೊದಲು ತಾನೇ 'ಬೋಂಜೂರ್' ಅಂದು, ನಾವು ತಿರುಗಿ ಹೇಳುವ ತನಕ ಕಾಯುತ್ತಾಳೆ.

ಸಸ್ಯಾಹಾರಿಗಳಿಗೆ ಕಷ್ಟ. ಇಲ್ಲಿನವರು ಮೂಲಂಗಿ ಜೊತೆಗೂ ಉಪ್ಪು ಹಾಕಿ ಒಣಗಿಸಿದ ಹಂದಿ ಲಿವರ್ ತಿನ್ನುತ್ತಾರೆ. ನನ್ನ ಪಾಲಿಗೆ ಇರುವುದು ಜಾಂಬ್ಲೆಟ್ ಅನ್ನುವ ಬಿಸ್ಕತ್ತು: ನೋಡೋಕೆ ಥೇಟ್ ಕೋಡುಬಳೆ, ತಿಂದರೆ ಸಿಹಿ. ಹೊಟ್ಟೆ ತುಂಬೋದು ಮಾತ್ರ ರೂಮಿನಲ್ಲಿ ಮಾಡುವ ಸಾರಿನಿಂದ. ಅದಕ್ಕೆ ಬೇಕಾದ ತೊಗರಿಬೇಳೆ ತೂಲೂಸ್‌ನಿಂದ ಹೊತ್ತು ತರುತ್ತೇನೆ.