ಕಾಯುವ ಜಾಗದ ಗೋಡೆ

ಇಂದು ಬೆಳಿಗ್ಗೆ ಬಸ್ಸಿಗಾಗಿ ಕಾಯುತ್ತಿದ್ದಾಗ, ತಂಗುದಾಣದ ಗೋಡೆಯ ಮೇಲೆ ಹೊಸದಾಗಿ ಬರೆದಿದ್ದ ಬಳ್ಳಿಯೊಂದರ ಜಾಡು ಹಿಡಿದು, ಪುಟ್ಟ ಹುಡುಗಿಯೊಬ್ಬಳು ಬೆರಳಾಡಿಸುತ್ತ ಬೆಂಚಿನ ಈ ತುದಿಯಿಂದ ಆ ತುದಿಯತ್ತ ನಡೆಯುವುದನ್ನು ಕಂಡೆ. ಅವಳಿಗೆ ದಾರಿ ಬಿಡಲೆಂದು ನಾವೆಲ್ಲ ಮೊಬೈಲಿನಿಂದ ತಲೆಯೆತ್ತಿ ಕಾಲು ಮಡಚಿಕೊಂಡೆವು. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಆಗ ನೆನಪಾದದ್ದು ಸ್ವೀಡನ್ನಿನ ಸ್ಟಾಕ್‌ಹೋಮ್ ಮೆಟ್ರೋದ ಟಿ-ಸೆಂಟ್ರಾಲೆನ್ ನಿಲ್ದಾಣ. 1975ರಲ್ಲಿ ಪೆರ್ ಊಲೊಫ್ ಉಲ್ಟ್‌ವೆಟ್ ಎಂಬ ಕಲಾವಿದರು ಅಲ್ಲಿನ ಒರಟು ಬಂಡೆಯ ಕಮಾನುಗಳ ಮೇಲೆ ನೀಲಿ ಎಲೆಬಳ್ಳಿಗಳನ್ನು ಹಬ್ಬಿಸಿದ್ದಲ್ಲದೆ, ನಿಲ್ದಾಣ ಕಟ್ಟಿದ ಕಾರ್ಮಿಕರ ನೆರಳಾಕೃತಿಗಳನ್ನೂ ಅಲ್ಲಿಯೇ ಮೂಡಿಸಿದರು. ನನಗೆ ಈ ಎರಡನೆಯ ಕೆಲಸವೇ ದೊಡ್ಡದೆನಿಸುತ್ತದೆ. ಉದ್ಘಾಟನೆಯ ಫಲಕಗಳಲ್ಲಿ ಸಾಮಾನ್ಯವಾಗಿ ಯಾರ ಹೆಸರುಗಳಿರುತ್ತವೆ ಎಂಬುದು ಗೊತ್ತಿರುವುದೇ.

ಚಿತ್ರ ಬರೆದ ಮಾತ್ರಕ್ಕೆ ಬಸ್ಸು ಬೇಗ ಬರುವುದಿಲ್ಲ, ಸೂರು ಸೋರುವುದು ನಿಲ್ಲುವುದಿಲ್ಲ. ಬೆಳಕು, ನೆರಳು, ಕೂರಲು ಜಾಗ ಮೊದಲು ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಉಳಿದ ಗೋಡೆಯನ್ನು ಜಾಹೀರಾತಿಗೆ ಬಿಟ್ಟುಕೊಡುವ ಬದಲು, ದಿನವೂ ಅಲ್ಲಿ ನಿಲ್ಲುವವರನ್ನೇ ಕೇಳಿ, ಸಾಧ್ಯವಾದರೆ ಅವರ ಕೈಗೇ ಕುಂಚ ಕೊಟ್ಟು ಬಣ್ಣ ಹಚ್ಚಿಸಿದರೆ, ಅದರ ಮೇಲೆ ಉಗುಳುವ ಮುನ್ನ ಯಾರಾದರೂ ಒಮ್ಮೆ ಹಿಂಜರಿಯುತ್ತಾರೆಂದು ನನ್ನ ನಂಬಿಕೆ.

ಹುಡುಗಿಯ ಬಸ್ಸು ಬಂದಾಗ ಬಳ್ಳಿಯ ತುದಿಗೆ ಇನ್ನೂ ಎರಡು ಗೇಣು ಬಾಕಿಯಿತ್ತು.