ಅಂಗನವಾಡಿಗೆ ಹಾಕೋದಾ, ಸರ್ಕಾರಿ ಎಲ್‌ಕೆಜಿಗೆ ಹಾಕೋದಾ?

ನಮ್ಮ ಬೀದಿಯಲ್ಲಿ ಯಾರ ಮಗುವಿಗೆ ಮೂರು ತುಂಬಿದರೂ ನನಗೊಂದು ಫೋನ್ ಬರುತ್ತದೆ. "ಅಕ್ಕಾ, ಈಗಲೇ ಅಂಗನವಾಡಿಗೆ ಹಾಕೋದಾ, ಇಲ್ಲ ಒಂದು ವರ್ಷ ಕಾದು ಕೆಪಿಎಸ್‌ನ ಎಲ್‌ಕೆಜಿಗೆ ಹಾಕೋದಾ?" ನನ್ನ ಮಗಳು ಅಂಗನವಾಡಿಗೆ ಹೋದವಳು, ಮಗ ಕೆಪಿಎಸ್‌ಗೆ, ಅಂದರೆ ಸರ್ಕಾರದ ಕರ್ನಾಟಕ ಪಬ್ಲಿಕ್ ಶಾಲೆಗೆ. ಅಷ್ಟಕ್ಕೇ ನಾನು ಇಲ್ಲಿ ತಜ್ಞೆ!

ಮೂರಕ್ಕೆ ಅಂಗನವಾಡಿಗೇ ಕಳಿಸಿ. ಎಲ್‌ಕೆಜಿಗೆ ಹೇಗೂ ನಾಲ್ಕು ತುಂಬಬೇಕು, ಸುಮ್ನೆ ಒಂದು ವರ್ಷ ಟಿವಿ ಮುಂದೆ ಯಾಕೆ ಕೂರಿಸ್ತೀರಿ? ಅಲ್ಲಿ ಹಾಲು, ಮೊಟ್ಟೆ, ಬಿಸಿ ಊಟ ಇರುತ್ತದೆ, ತೂಕ ನೋಡುತ್ತಾರೆ. ಮನೆಯಲ್ಲಿ ಸೊಪ್ಪು ಕಂಡರೆ ಮುಖ ತಿರುಗಿಸುತ್ತಿದ್ದ ನನ್ನ ಮಗಳು ಪಕ್ಕದ ಹುಡುಗ ತಿಂದಿದ್ದು ನೋಡಿ ತಾನೂ ತಿಂದಳು.

ತೊಂದರೆ ಇಲ್ಲ ಅಂತಲ್ಲ. ಟೀಚರ್ ಒಬ್ಬರೇ. ಗರ್ಭಿಣಿಯರ ಲೆಕ್ಕ, ರೇಷನ್ ಹಂಚೋದು, ಸರ್ವೆ, ಎಲೆಕ್ಷನ್ ಬಂದರೆ ವೋಟರ್ ಲಿಸ್ಟ್, ಇದರ ಮೇಲೆ ಪೋಷಣ್ ಟ್ರ್ಯಾಕರ್ ಅನ್ನೋ ಮೊಬೈಲ್ ಆ್ಯಪ್‌ಗೆ ಎಲ್ಲ ತುಂಬೋದು. ಹೊರಗಿಂದ ನೋಡಿದವರು "ಯಾವಾಗಲೂ ಮೊಬೈಲ್ ಹಿಡ್ಕೊಂಡಿರ್ತಾಳೆ" ಅಂತಾರೆ. ಪಾಪ, ಅದೂ ಕೆಲಸವೇ. ಅಷ್ಟು ಹೊತ್ತೂ ಮಕ್ಕಳನ್ನು ನೋಡಿಕೊಳ್ಳೋದು ಸಹಾಯಕಿ, ಅದೂ ಒಲೆ ಮೇಲೆ ಒಂದು ಕಣ್ಣಿಟ್ಟು.

ನಾಲ್ಕಕ್ಕೆ ಉತ್ತರ ಅಷ್ಟು ಸುಲಭ ಅಲ್ಲ. ಕೆಪಿಎಸ್‌ನಲ್ಲಿ ಒಂದು ಸಲ ಸೀಟು ಸಿಕ್ಕರೆ ಪಿಯುಸಿವರೆಗೂ ಅದೇ ಕಾಂಪೌಂಡ್, ಜೊತೆಗೆ ಇಂಗ್ಲಿಷ್. ಎಲ್ಲರಿಗೂ ಬೇಕಾಗಿರೋದು ಅದೇ ಅಲ್ವಾ? ನಮ್ಮಲ್ಲಿ ಅರ್ಜಿ ಜಾಸ್ತಿಯಾಗಿ ಚೀಟಿ ಎತ್ತಿದರು. ಆದರೆ ನನ್ನ ಮಗನಿಗೆ ಎರಡನೇ ತಿಂಗಳಿಗೇ ನಾಲ್ಕು ಗೆರೆ ಕಾಪಿ ಬಂತು. ದಿನಾ ಒಂದು ಪುಟ. ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಹಾಳೆ ತೂತಾಗುವಷ್ಟು ಒತ್ತಿ ಬರೆದು, "ಅಮ್ಮಾ ಕೈ ನೋವು" ಅಂತ ಅಳುತ್ತಿದ್ದ. ಹೋಗಿ ಕೇಳಿದೆ. ಬರೆಸದಿದ್ದರೆ ಅಪ್ಪ-ಅಮ್ಮಂದಿರೇ ಜಗಳಕ್ಕೆ ಬರ್ತಾರೆ ಅಂದರು ಮಿಸ್. ಅದೂ ನಿಜವೇ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಜಾಸ್ತಿ ಮಾಡಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದಿದ್ದರು. ದೊಡ್ಡ ಮಕ್ಕಳೆಲ್ಲ ಎದ್ದು ಹೋದರೆ ಕೇಂದ್ರವೇ ಖಾಲಿ ಅನ್ನೋದು ಅವರ ಭಯ. ಆಮೇಲೆ ಅಂಗನವಾಡಿಯಲ್ಲೇ ಎಲ್‌ಕೆಜಿ ಮಾಡ್ತೀವಿ ಅಂತ ಸರ್ಕಾರ ಹೇಳಿತು. ಹಾಗಾಗಿ ಎಲ್‌ಕೆಜಿ ಅನ್ನೋ ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ.

ನಾನು ಹೇಳೋದು ಇಷ್ಟೇ. ಒಂದು ದಿನ ಹನ್ನೊಂದು ಗಂಟೆಗೆ ಹೇಳದೆ ಹೋಗಿ. ಆಟದ ಸಾಮಾನಿನ ಡಬ್ಬ ಎಲ್ಲಿದೆ ನೋಡಿ. ಒಂದು ಕಡೆ ನಾನು ನೋಡಿದಾಗ ಬೀರು ಮೇಲಿತ್ತು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಇನ್ಸ್‌ಪೆಕ್ಷನ್‌ಗೆ ಬಂದವರಿಗೆ ತೋರಿಸೋಕೆ!

ಮೊನ್ನೆ ಕೇಳಿದವಳಿಗೂ ಇದನ್ನೇ ಹೇಳಿದ್ದೆ. ಅಂಗನವಾಡಿಗೆ ಹೋಗಿ ಬಂದವಳು, "ಡಬ್ಬ ಕೆಳಗೇ ಇದೆ ಅಕ್ಕಾ, ಆದರೆ ಮುಚ್ಚಳ ಒಡೆದುಹೋಗಿದೆ, ಅರ್ಧ ಮಣಿಗಳೇ ಇಲ್ಲ" ಅಂದಳು.

ಹಾಗಾದರೆ ಸೇರಿಸು ಅಂದೆ.